ಮಣ್ಣನ್ನು ಬೇಯಿಸಬಹುದೇ?

ಮನೆಯೊಳಗಿಡುವ ಗಿಡದ ಚಟ್ಟಿಗೆ ತುಂಬುವ ಮಣ್ಣನ್ನು ಮೊದಲು ಬೇಯಿಸಬೇಕು ಎಂದು ತೋಟಗಾರಿಕೆಯ ಪುಸ್ತಕಗಳಲ್ಲಿ ಬರೆದಿರುತ್ತದೆ. ಕುದಿಯುವ ನೀರು ಹೊಯ್ಯಬೇಕು, ಇಲ್ಲವೇ ಅರ್ಧ ಗಂಟೆ ಹಬೆಯಲ್ಲಿಡಬೇಕು, ಅದೂ ಆಗದಿದ್ದರೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಏಪ್ರಿಲ್ ಬಿಸಿಲಿಗೆ ಹರಡಬೇಕು. ಬೇರು ಕೊಳೆಸುವ ಶಿಲೀಂಧ್ರ, ಜಂತುಹುಳು, ಇರುವೆಯ ಮೊಟ್ಟೆ, ಕಳೆಯ ಬೀಜ ಎಲ್ಲವೂ ಸಾಯುತ್ತವೆ, ಗಿಡ ಸುಖವಾಗಿರುತ್ತದೆ. ಹೈಸ್ಕೂಲಿನಲ್ಲಿ ಬಹಳ ವರ್ಷ ಜೀವಶಾಸ್ತ್ರ ಪಾಠ ಮಾಡಿದವಳು ನಾನು, ಈ ಮಾತಿನ ಹಿಂದಿನ ಕಾರಣ ನನಗೆ ಗೊತ್ತುಂಟು. ಆದರೆ ವೇಣೂರಿನ ಕಡೆಯ ಜೈನ ಮನೆಯಲ್ಲಿ ಹುಟ್ಟಿ, ಮಡಂತ್ಯಾರಿನ ಜೈನ ಮನೆಗೆ ಸೊಸೆಯಾಗಿ ಬಂದವಳಿಗೆ ಆ ಸಾಲನ್ನು ದಾಟಿ ಮುಂದಿನ ಪುಟಕ್ಕೆ ಹೋಗುವುದು ಸುಲಭವಲ್ಲ. ಒಂದು ಗಿಡ ನನ್ನ ಚಾವಡಿಯ ಕಿಟಕಿಯಲ್ಲಿ ಚೆಂದ ಕಾಣಲಿ ಎಂದು ಒಂದು ಬುಟ್ಟಿ ಮಣ್ಣಿನ ಜೀವಗಳನ್ನೆಲ್ಲ ಬೇಯಿಸುವುದು ಯಾವ ಲೆಕ್ಕಕ್ಕೆ ಸೇರುತ್ತದೆ?

ನಮ್ಮಲ್ಲಿ ಮಣ್ಣಿನೊಳಗೆ ಮಾತ್ರ ಜೀವ ಇರುವುದಲ್ಲ, ಮಣ್ಣಿಗೇ ಜೀವವುಂಟು. ಪೃಥ್ವೀಕಾಯ, ಅಪ್ಕಾಯ, ತೇಜಸ್ಕಾಯ, ವಾಯುಕಾಯ, ವನಸ್ಪತಿಕಾಯ ಎಂದು ಸ್ಪರ್ಶವೊಂದೇ ಇಂದ್ರಿಯವಾಗಿರುವ ಐದು ಬಗೆಯ ಸ್ಥಾವರ ಜೀವಗಳನ್ನು ಹೇಳಿದ್ದಾರೆ. ಚಟ್ಟಿಯಲ್ಲಿ ಗಿಡ ನೆಡುವ ಕೆಲಸದಲ್ಲಿ ಈ ಐದರಲ್ಲಿ ನಾಲ್ಕನ್ನಾದರೂ ಮುಟ್ಟಲೇಬೇಕು. ಮಣ್ಣು ಅಗೆಯುತ್ತೇವೆ, ನೀರು ಹೊಯ್ಯುತ್ತೇವೆ, ಗಾಳಿಯಾಡಲೆಂದು ಫ್ಯಾನು ಹಾಕುತ್ತೇವೆ, ಒಣಗಿದ್ದು ಒಣಗದ್ದು ಎರಡನ್ನೂ ಕತ್ತರಿಸುತ್ತೇವೆ. ಮಣ್ಣು ಬೇಯಿಸಿದರೆ ಬೆಂಕಿಯೂ ಸೇರಿ ಐದೂ ಪೂರ್ತಿಯಾಯಿತು.

ಆಚಾರ್ಯ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಗೃಹಸ್ಥರಿಗೆ ಹೇಳಿದ ವ್ರತಗಳಲ್ಲಿ ಅನರ್ಥದಂಡವ್ರತ ಎಂಬುದೊಂದಿದೆ. ಪ್ರಯೋಜನವಿಲ್ಲದೆ ಮಾಡುವ ಹಿಂಸೆಯನ್ನು ಬಿಡುವ ವ್ರತ ಅದು. ಅದರ ಭಾಗವಾಗಿ ಪ್ರಮಾದಚರ್ಯೆಯನ್ನು ವಿವರಿಸುವಾಗ ಅವರು ಕೊಡುವ ಉದಾಹರಣೆಗಳು ಯುದ್ಧವೂ ಅಲ್ಲ, ಬೇಟೆಯೂ ಅಲ್ಲ. ಸುಮ್ಮನೆ ನೆಲ ಕೆದಕುವುದು, ಸುಮ್ಮನೆ ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಾಳಿ ಬೀಸುವುದು, ಗಿಡ ಚಿವುಟುವುದು. ಓದುವಾಗಲೆಲ್ಲ ನನ್ನ ಮನೆಯ ಹಿಂಬದಿ ಜಗಲಿಯಲ್ಲಿ ಹರಡಿಕೊಂಡಿರುವ ಕರಣೆ, ಸ್ಪ್ರೇ ಬಾಟಲಿ, ಕತ್ತರಿ ನೆನಪಾಗುತ್ತವೆ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಆ ಪಟ್ಟಿ ಬರೆದವರಿಗೆ ಮನುಷ್ಯನ ಕೈ ಬಿಡುವಾಗಿದ್ದಾಗ ಏನು ಮಾಡುತ್ತದೆ ಎಂಬುದು ಎಷ್ಟು ಚೆನ್ನಾಗಿ ತಿಳಿದಿತ್ತು!

ಗೃಹಸ್ಥರಿಗೆ ರಿಯಾಯಿತಿ ಇಲ್ಲವೆಂದಲ್ಲ. ಹಿಂಸೆಯನ್ನು ನಾಲ್ಕು ಬಗೆ ಮಾಡಿದ್ದಾರೆ. ಅಡುಗೆ, ಕಸ, ಮುಸುರೆಯ ಕೆಲಸದಲ್ಲಿ ಆಗುವುದು ಆರಂಭೀ. ಕೃಷಿ, ವ್ಯಾಪಾರದಲ್ಲಿ ಆಗುವುದು ಉದ್ಯೋಗೀ. ತನ್ನವರ ರಕ್ಷಣೆಗಾಗಿ ಎದುರು ನಿಂತಾಗ ಆಗುವುದು ವಿರೋಧೀ. ಬೇಕೆಂದೇ ಮಾಡುವುದು ಸಂಕಲ್ಪೀ. ಕೊನೆಯದನ್ನು ಪೂರ್ತಿ ಬಿಡಬೇಕು, ಉಳಿದದ್ದನ್ನು ಆದಷ್ಟು ಕಮ್ಮಿ ಮಾಡುತ್ತಾ ಬರಬೇಕು. ನಮ್ಮೂರ ಕಡೆ ಮಲ್ಲಿಗೆಗೆ, ತರಕಾರಿಗೆ ಸುಡುಮಣ್ಣು ಹಾಕುವುದುಂಟು. ತರಗೆಲೆ, ಕಡ್ಡಿಕಸವನ್ನು ಮೇಲ್ಮಣ್ಣಿನೊಂದಿಗೆ ಪದರಪದರವಾಗಿ ಒಟ್ಟಿ ಬೆಂಕಿ ಕೊಟ್ಟರೆ ದಿನಗಟ್ಟಲೆ ಒಳಗೊಳಗೇ ಹೊಗೆಯಾಡಿ ಮಣ್ಣು ಬೇಯುತ್ತದೆ, ಬೂದಿಯ ಪೊಟ್ಯಾಷ್ ಗಿಡಕ್ಕೆ ಸಿಗುತ್ತದೆ. ಅದನ್ನು ಮಾಡುವ ಬೇಸಾಯಗಾರನದ್ದು ಹೊಟ್ಟೆಪಾಡು. ಅವನನ್ನು ನಾನು ಪ್ರಶ್ನಿಸಲಾರೆ, ಅವನ ಬೆಂಡೆಕಾಯಿಯನ್ನು ನಾನೂ ಉಣ್ಣುವವಳು. ನನ್ನ ಕಿಟಕಿಯ ಗಿಡಕ್ಕೆ ಆ ರಕ್ಷಣೆಯಿಲ್ಲ. ಅದು ಅನ್ನ ಕೊಡುವುದಿಲ್ಲ, ಹಣ ತರುವುದಿಲ್ಲ. ಮನೆಯ ಗಾಳಿ ಶುದ್ಧವಾಗುತ್ತದೆ ಎಂಬ ಸಮರ್ಥನೆಯೂ ನಿಲ್ಲುವುದಿಲ್ಲ. 1989ರಲ್ಲಿ ನಾಸಾದವರು ಮಾಡಿದ ಪ್ರಯೋಗ ಗಾಳಿಯಾಡದ ಮುಚ್ಚಿದ ಪೆಟ್ಟಿಗೆಗಳೊಳಗಿನದ್ದು. ಮಾಮೂಲಿ ಮನೆಯಲ್ಲಿ ತೆರೆದ ಕಿಟಕಿಯಷ್ಟು ಕೆಲಸವನ್ನು ಗಿಡ ಮಾಡಬೇಕಾದರೆ ಒಂದು ಚದರ ಮೀಟರ್ ನೆಲಕ್ಕೆ ಹತ್ತರಿಂದ ಸಾವಿರದವರೆಗೆ ಗಿಡ ಬೇಕಾದೀತೆಂದು 2019ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಸತ್ಯ ಹೇಳುವುದಾದರೆ, ಸುರುಳಿ ಸುತ್ತಿದ ಹೊಸ ಎಲೆ ಬಿಚ್ಚಿಕೊಳ್ಳುವುದನ್ನು ಬೆಳಿಗ್ಗೆ ನೋಡುವ ಆಸೆ ನನಗೆ. ಅಷ್ಟೇ ಪ್ರಯೋಜನ. ಅದು ಸಾಕೇ?

ಸಾಲದು ಎಂದು ಹೇಳಿ ಎಲ್ಲವನ್ನೂ ಬಿಟ್ಟುಬಿಡುವುದು ಮುನಿಗಳ ದಾರಿ, ಅದಕ್ಕೆ ನನ್ನ ನಮಸ್ಕಾರ. ಗೃಹಸ್ಥರ ದಾರಿ ಬೇರೆ. ‘ತತ್ತ್ವಾರ್ಥಸೂತ್ರ’ದಲ್ಲಿ ಉಮಾಸ್ವಾತಿಗಳು ಹಿಂಸೆಯನ್ನು ವಿವರಿಸುವಾಗ ಪ್ರಾಣಹಾನಿಯ ಜೊತೆ ಪ್ರಮಾದವನ್ನು ಸೇರಿಸಿದ್ದಾರೆ. ಎಚ್ಚರವಿಲ್ಲದ ಮನಸ್ಸು, ಮಾತು, ಮೈಯಿಂದ ಜೀವಕ್ಕೆ ಆಗುವ ಹಾನಿಯೇ ಹಿಂಸೆ. ಹಾಗಿದ್ದರೆ ಗಿಡ ಇಟ್ಟುಕೊಳ್ಳಬಹುದೇ ಎಂಬ ಪ್ರಶ್ನೆಗೆ ಉತ್ತರ ಎಷ್ಟು ಎಚ್ಚರದಿಂದ ಎಂಬುದರಲ್ಲೇ ಇದೆ ಎಂದು ನಾನು ತಿಳಿದಿದ್ದೇನೆ. ಆ ಎಚ್ಚರಕ್ಕೆ ಎರಡು ಪರೀಕ್ಷೆಗಳುಂಟು. ಚಟ್ಟಿಗೆ ಏನು ತುಂಬುತ್ತೇವೆ ಎಂಬುದೊಂದು, ಪಸೆಯನ್ನು ಹೇಗೆ ನೋಡಿಕೊಳ್ಳುತ್ತೇವೆ ಎಂಬುದಿನ್ನೊಂದು.

ತುಂಬುವುದರ ವಿಷಯ ಮೊದಲು. ಅಂಗಡಿಯಲ್ಲಿ ಸಿಗುವ ಮಿಶ್ರಣದ ಚೀಲಗಳಲ್ಲಿ ಬಹಳ ಕಡೆ ಪೀಟ್ ಇರುತ್ತದೆ. ಶೀತದೇಶಗಳ ಜವುಗಿನಲ್ಲಿ ಸ್ಫ್ಯಾಗ್ನಮ್ ಪಾಚಿ ಸತ್ತು, ಆಮ್ಲಜನಕವಿಲ್ಲದ ನೀರಿನಲ್ಲಿ ಕೊಳೆಯದೆ, ವರ್ಷಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಶೇಖರವಾದದ್ದು ಅದು. ಒಂದು ಮೀಟರ್ ಆಳ ಅಗೆದರೆ ಸಾವಿರ ವರ್ಷ ಅಗೆದ ಹಾಗೆ. ಭೂಮಿಯ ನೆಲದಲ್ಲಿ ನೂರಕ್ಕೆ ಮೂರರಷ್ಟು ಜಾಗದಲ್ಲಿರುವ ಈ ಜವುಗುಗಳು ಜಗತ್ತಿನ ಕಾಡುಗಳ ಮರಗಳಿಗಿಂತ ಹೆಚ್ಚು ಇಂಗಾಲವನ್ನು ಹಿಡಿದಿಟ್ಟುಕೊಂಡಿವೆ. ಪಾಚಿಯಂತೂ ನಮ್ಮ ಶಾಸ್ತ್ರದಲ್ಲಿ ಅನಂತಕಾಯ, ಒಂದೇ ಶರೀರದಲ್ಲಿ ಅನಂತ ಜೀವಗಳು. ಮಳೆಗಾಲದಲ್ಲಿ ಅಂಗಳದ ಪಾಚಿಯ ಮೇಲೆ ಕಾಲಿಡಬೇಡ ಎಂದು ನನ್ನಮ್ಮ ಹೇಳುತ್ತಿದ್ದದ್ದು ಜಾರಿ ಬೀಳುತ್ತೇನೆಂಬ ಹೆದರಿಕೆಯಿಂದ ಮಾತ್ರ ಅಲ್ಲ.

ಇನ್ನೊಂದು ಬಿಳಿ ಕಾಳು, ಪರ್ಲೈಟ್. ಜ್ವಾಲಾಮುಖಿಯ ಗಾಜನ್ನು 900 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿದಾಗ ಒಳಗಿನ ನೀರು ಆವಿಯಾಗಿ ಅದು ಹಲವು ಪಟ್ಟು ಉಬ್ಬುತ್ತದೆ. ಗಾಳಿಯಾಡುವುದಕ್ಕೆ ಒಳ್ಳೆಯದೇ. ಆದರೆ ಹಂಚಿನ ಚೂರು ಕಾಲ ಕೆಳಗೇ ಬಿದ್ದಿರುವ ಊರಿಗೆ ಅದು ಯಾಕೆ ಬೇಕು?

ನಮ್ಮ ಬಸದಿಗಳಲ್ಲಿ, ಪಾಠಶಾಲೆಗಳಲ್ಲಿ ಷಡ್ಲೇಶ್ಯೆಯ ಚಿತ್ರ ನೋಡಿದವರಿಗೆ ಗೊತ್ತು. ಹಸಿದ ಆರು ಮಂದಿ ಒಂದು ಹಣ್ಣಿನ ಮರದ ಬಳಿ ಬರುತ್ತಾರೆ. ಒಬ್ಬ ಬುಡಕ್ಕೇ ಕೊಡಲಿ ಹಾಕೋಣ ಎನ್ನುತ್ತಾನೆ, ಇನ್ನೊಬ್ಬ ದೊಡ್ಡ ಗೆಲ್ಲು ಕಡಿಯೋಣ ಎನ್ನುತ್ತಾನೆ, ಮತ್ತೊಬ್ಬನಿಗೆ ಸಣ್ಣ ಗೆಲ್ಲು ಸಾಕು, ಮಗದೊಬ್ಬನಿಗೆ ಗೊಂಚಲು, ಐದನೆಯವನಿಗೆ ಹಣ್ಣು ಮಾತ್ರ. ಆರನೆಯವನು ನೆಲದ ಮೇಲೆ ಬಿದ್ದದ್ದನ್ನು ಹೆಕ್ಕುತ್ತಾನೆ. ಕೃಷ್ಣಲೇಶ್ಯೆಯಿಂದ ಶುಕ್ಲಲೇಶ್ಯೆಯವರೆಗಿನ ಮನಸ್ಸಿನ ಬಣ್ಣಗಳು ಅವು. ಹಸಿವೆ ಆರೂ ಮಂದಿಗೆ ಒಂದೇ ಎಂಬುದನ್ನು ಗಮನಿಸಬೇಕು. ಚಟ್ಟಿಗೆ ತುಂಬುವ ವಸ್ತುವನ್ನು ಆರಿಸುವಾಗ ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಯಾವ ಕೃಷಿ ಪುಸ್ತಕದಲ್ಲೂ ಸಿಕ್ಕಿಲ್ಲ. ತೆಂಗಿನ ಸಿಪ್ಪೆ, ಒಡೆದ ಹಂಚು, ಒಲೆಯ ಇದ್ದಿಲು, ಬಿದ್ದ ಅಡಿಕೆ ಹಾಳೆ, ಹಲಸಿನ ತರಗೆಲೆ ಇವೆಲ್ಲ ಬಿದ್ದವು. ಒಣಗಿ ಅಚಿತ್ತವಾದವು, ಅಂದರೆ ಜೀವ ತಾನಾಗಿ ಬಿಟ್ಟುಹೋದವು. ಬೇಯಿಸಿ ಅಚಿತ್ತ ಮಾಡುವ ಪ್ರಶ್ನೆಯೇ ಅಲ್ಲಿಲ್ಲ.

ನಮ್ಮ ಪಕ್ಕದ ಮನೆಯವರು ಸೇಕ್ರೆಡ್ ಹಾರ್ಟ್ ಚರ್ಚಿನ ಒಕ್ಕಲು. ಅಲ್ತಾರಿಗೆಂದು ಆಂಥೂರಿಯಂ, ಆರ್ಕಿಡ್ ಬೆಳೆಸುವುದರಲ್ಲಿ ಆ ಅಕ್ಕನದ್ದು ಪಳಗಿದ ಕೈ. ಹಂಚಿನ ಚೂರು ಬಳಸುವುದನ್ನು ನಾನು ಕಲಿತದ್ದು ಅವರಿಂದ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಈ ಸೀಮೆಯ ಮಾಡುಗಳೆಲ್ಲ ನೇತ್ರಾವತಿಯ ಆವೆಮಣ್ಣಿನಿಂದ ಕೆಂಪಾದವು. ಈಗ ಮಾಡು ಇಳಿಸಿ ಸ್ಲ್ಯಾಬ್ ಹಾಕುವ ಕಾಲ. ಹಳೆಯ ಹಂಚು ಹಟ್ಟಿಯ ಹಿಂದೆ ರಾಶಿ ಬಿದ್ದಿರುತ್ತದೆ. ಅದನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹೆಬ್ಬೆರಳ ಉಗುರಿನಷ್ಟಕ್ಕೆ ಒಡೆಯಬೇಕು. ತುಂಬ ಸಣ್ಣದಾದರೆ ಸಂದು ಮುಚ್ಚಿಹೋಗುತ್ತದೆ, ದೊಡ್ಡದಾದರೆ ಬೇರಿಗೆ ಹಿಡಿತ ಸಿಗುವುದಿಲ್ಲ. ತೆಂಗಿನ ಸಿಪ್ಪೆಯನ್ನು ಚೌಕ ಚೌಕ ಕೊಯ್ದು ನೀರಲ್ಲಿ ಹಾಕಿದರೆ ಮರುದಿನ ನೀರು ಚಹಾದ ಬಣ್ಣ. ಅದನ್ನು ಚೆಲ್ಲಿ ಮತ್ತೆ ಹೊಸ ನೀರು, ತಿಳಿಯಾಗುವವರೆಗೂ. ಸಿಪ್ಪೆಯಲ್ಲೂ ಅದರ ಹುಡಿಯಾದ ಕೊಕೊಪೀಟಿನಲ್ಲೂ ಸೋಡಿಯಂ, ಪೊಟ್ಯಾಸಿಯಂ ಲವಣಗಳಿರುತ್ತವೆ. ಹಿನ್ನೀರಲ್ಲಿ ನೆನೆಹಾಕಿದ ಸಿಪ್ಪೆಯದ್ದಾದರೆ ಇನ್ನೂ ಜಾಸ್ತಿ. ತೊಳೆಯದೆ ಹಾಕಿದರೆ ಎಲೆಯ ಅಂಚು ಸುಡುತ್ತದೆ. ಆ ಚಹಾ ನೀರನ್ನು ನಾನು ತೆಂಗಿನ ಬುಡಕ್ಕೆ ಹೊಯ್ಯುತ್ತೇನೆ. ಅದರ ಉಪ್ಪು ಅದಕ್ಕೇ ಹೋಗಲಿ, ಉಪ್ಪು ತಡೆಯುವ ಮರ ಅದು.

ಆರ್ಕಿಡ್ಡಿನ ಬೇರನ್ನು ಹತ್ತಿರದಿಂದ ನೋಡಬೇಕು. ಒಣಗಿದ್ದಾಗ ಬೆಳ್ಳಿಬಿಳುಪು. ಒಂದು ಹನಿ ನೀರು ಬಿದ್ದರೆ ಕಣ್ಣೆದುರೇ ಹಸಿರಾಗುತ್ತದೆ. ಬೇರಿನ ಸುತ್ತ ವೆಲಾಮೆನ್ ಎಂಬ ಸತ್ತ ಕೋಶಗಳ ಕವಚವುಂಟು, ಗಾಳಿ ತುಂಬಿದ್ದಾಗ ಬಿಳಿ ಕಾಣುವ ಅದು ನೀರು ಕುಡಿದಾಗ ಪಾರದರ್ಶಕವಾಗಿ ಒಳಗಿನ ಹಸಿರನ್ನು ತೋರಿಸುತ್ತದೆ. ಸತ್ತ ಕೋಶಗಳು ಬದುಕಿರುವ ಬೇರಿಗೆ ನೀರು ಕುಡಿಸುವುದು! ಇದನ್ನು ಮಕ್ಕಳಿಗೆ ಎಷ್ಟೋ ಸಲ ತೋರಿಸಿದ್ದೇನೆ, ಪ್ರತಿ ಸಲವೂ ನನಗೇ ಮೈ ಜುಮ್ಮೆಂದಿದೆ. ಮತ್ತೆ ಬಿಳಿಯಾಗುವವರೆಗೆ ಆ ಬೇರಿಗೆ ನೀರು ಬೇಡ. ಅದು ಹೇಳುತ್ತಲೇ ಇರುತ್ತದೆ, ನೋಡುವವರು ಬೇಕು.

ಮಣ್ಣೇ ಬೇಕಾದ ಗಿಡಗಳಿಗೆ ಹಲಸಿನ ಮರದ ಬುಡದ ಮಣ್ಣನ್ನು ತರುತ್ತೇನೆ, ಬೇಯಿಸುವುದಿಲ್ಲ. ಬೆರಳಲ್ಲಿ ಬಿಡಿಸುವಾಗ ಎರೆಹುಳ ಸಿಕ್ಕರೆ ಅಲ್ಲೇ ಮರದ ಬುಡಕ್ಕೆ ಬಿಡುತ್ತೇನೆ, ಇರುವೆಯ ಮೊಟ್ಟೆ ಕಂಡರೆ ಆ ಹೆಂಟೆಯನ್ನು ಹಾಗೇ ಇಡುತ್ತೇನೆ. ಇದರಿಂದ ಕೆಲವು ಗಿಡಗಳಿಗೆ ಬೇರುಕೊಳೆ ಬರಬಹುದು. ಆ ಅಪಾಯವನ್ನು ಒಪ್ಪಿಕೊಂಡೇ ಗಿಡ ಇಟ್ಟುಕೊಳ್ಳಬೇಕು ಎಂಬುದು ನನ್ನ ತೀರ್ಮಾನ.

ಇನ್ನು ಪಸೆ. ನಿಜವಾದ ಕಷ್ಟ ಇಲ್ಲಿರುವುದು.

ಕಡಲಿಗೂ ಘಟ್ಟಕ್ಕೂ ನಡುವೆ ಇರುವ ನಮ್ಮೂರಿಗೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ಉಪ್ಪಿನ ಭರಣಿಯಲ್ಲಿ ನೀರಾಡುತ್ತದೆ, ಹಪ್ಪಳ ಬಟ್ಟೆಯ ಹಾಗೆ ಮಡಚುತ್ತದೆ, ಬೆಂಕಿಕಡ್ಡಿ ಗೀರಿದರೆ ಮದ್ದು ಕಿತ್ತುಬರುತ್ತದೆ. ಗೋಡೆಗೆ ಹಾಕಿದ ಆರ್ದ್ರತಾ ಮಾಪಕ ಜುಲೈಯಲ್ಲಿ ನೂರಕ್ಕೆ 90ರ ಆಸುಪಾಸಿನಿಂದ ಕೆಳಗಿಳಿಯುವುದು ಅಪರೂಪ. ಜನವರಿಯ ನಡುಹಗಲಿಗೆ ಅದೇ ಮಾಪಕ ಬೇರೆಯೇ ಮಾತು ಹೇಳುತ್ತದೆ. ಬೆಳಿಗ್ಗೆ ಮಂಜು ಮುಸುಕಿದ ಗಾಳಿ ಮಧ್ಯಾಹ್ನಕ್ಕೆ ಒಣಗಿದಂತಾಗುವುದಕ್ಕೆ ಅದರ ನೀರು ಎಲ್ಲಿಗೂ ಹೋಗಬೇಕಿಲ್ಲ. 20 ಡಿಗ್ರಿಯಲ್ಲಿ ಒಂದು ಘನಮೀಟರ್ ಗಾಳಿ ಹೊರಬಲ್ಲ ಆವಿ ಸುಮಾರು 17 ಗ್ರಾಂ, 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ. ಇದ್ದಷ್ಟೇ ನೀರು ಇದ್ದರೂ ಗಾಳಿಯ ಬಾಯಾರಿಕೆ ಬೆಳೆಯುತ್ತದೆ, ಅದು ಎಲೆಯಿಂದ ನೀರೆಳೆಯುತ್ತದೆ. ದಕ್ಷಿಣ ಅಮೆರಿಕದ ಮಳೆಕಾಡಿನ ನೆರಳಿನಿಂದ ಬಂದ ಕಲಾಥಿಯಾದಂಥ ಗಿಡದ ಎಲೆಯಂಚು ಕಂದುವುದು ಆವಾಗ. ಮಳೆಗಾಲದಲ್ಲಿ ಉಲ್ಟಾ. ಗಾಳಿ ತುಂಬಿಹೋಗಿರುವುದರಿಂದ ಎಲೆಯಿಂದ ನೀರು ಹೊರಡುವುದಿಲ್ಲ, ಹೊರಡದಿದ್ದರೆ ಬೇರು ಎಳೆಯುವುದಿಲ್ಲ, ಚಟ್ಟಿಯ ನೀರು ಅಲ್ಲೇ ನಿಂತು ಬೇರಿನ ಉಸಿರು ಕಟ್ಟುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಒಳಗಿನ ಗಿಡಗಳು ಸಾಯುವುದು ನೀರು ಕಮ್ಮಿಯಾಗಿ ಅಲ್ಲ, ನಮ್ಮ ಪ್ರೀತಿ ಜಾಸ್ತಿಯಾಗಿ.

ಈ ಪಸೆಯ ವಿಷಯದಲ್ಲಿ ನಮ್ಮ ಮನೆಯೊಳಗೇ ಎರಡು ಎಲೆಗಳ ನಡುವೆ ವ್ಯಾಜ್ಯವುಂಟು. ಒಂದು ಕಲಾಥಿಯಾದ ಎಲೆ, ಅದಕ್ಕೆ ಗಾಳಿ ನೂರಕ್ಕೆ 60, 70ರಷ್ಟಾದರೂ ಹಸಿಯಾಗಿರಬೇಕು. ಇನ್ನೊಂದು ಶ್ರೀತಾಳೆಯ ಎಲೆ. ಮಾವನವರ ಕಾಲದಿಂದ ಬಂದ ಕೆಲವು ತಾಡವೋಲೆಯ ಕಟ್ಟುಗಳು ಮರದ ಕಪಾಟಿನಲ್ಲಿವೆ. ಗಾಳಿಯ ಪಸೆ 70 ದಾಟಿ ದಿನಗಟ್ಟಲೆ ಹಾಗೇ ನಿಂತರೆ ಅವುಗಳಿಗೆ ಬೂಸ್ಟು ಹಿಡಿಯುತ್ತದೆ. ಹಾಗೆಂದು ತೀರಾ ಒಣಗಿಸಿದರೆ ಓಲೆ ಮುರಿಯುತ್ತದೆ. ಜೀವವಿರುವ ಎಲೆಗೆ ಬೇಕಾದದ್ದು, ಜೀವ ಹೋದ ಮೇಲೂ ಶಾಸ್ತ್ರವನ್ನು ಹೊತ್ತ ಎಲೆಗೆ ಶತ್ರು.

ಈ ಕಷ್ಟ ಏನೆಂದು ಮೂಡುಬಿದಿರೆಯವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಷಟ್‌ಖಂಡಾಗಮ ಎಂಬ ನಮ್ಮ ಆಗಮಗ್ರಂಥಕ್ಕೆ ವೀರಸೇನಾಚಾರ್ಯರು 816ರಲ್ಲಿ ಬರೆದು ಮುಗಿಸಿದ ಧವಲಾ ಟೀಕೆಯ ತಾಡವೋಲೆ ಪ್ರತಿಗಳು ಉಳಿದುಬಂದದ್ದು ಅಲ್ಲಿನ ಸಿದ್ಧಾಂತ ಬಸದಿಯಲ್ಲಿ. ಇಡೀ ದೇಶದಲ್ಲಿ ಬೇರೆಲ್ಲೂ ಸಿಗದ ಗ್ರಂಥ, ದೇಶದಲ್ಲೇ ಅತಿ ಹೆಚ್ಚು ಮಳೆ ಸುರಿಯುವ ಸೀಮೆಗಳಲ್ಲೊಂದರಲ್ಲಿ, ಒರಲೆ ತುಂಬಿದ ನೆಲದಲ್ಲಿ ಶತಮಾನಗಳ ಕಾಲ ಉಳಿಯಿತು. 19ನೇ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಶುರುವಾಗಿ, 1939ರಿಂದ ಮುದ್ರಣವಾಗತೊಡಗಿತು. ಷಟ್‌ಖಂಡಾಗಮದ ಮೊದಲ ಖಂಡವೇ ಜೀವಸ್ಥಾನ. ಯಾವ ಜೀವ ಎಲ್ಲಿ, ಎಷ್ಟು ಇಂದ್ರಿಯದೊಂದಿಗೆ, ಯಾವ ಸ್ಥಿತಿಯಲ್ಲಿದೆ ಎಂದು ಕಣ್ಣಿಗೆ ಕಾಣದ ನಿಗೋದ ಜೀವಗಳವರೆಗೂ ಇಳಿದು ನೋಡುವ ಗ್ರಂಥ. ಆ ಓಲೆಯನ್ನು ತಿನ್ನಲು ಬರುವ ಬೂಸ್ಟೂ ಅದೇ ಗ್ರಂಥದ ಲೆಕ್ಕದೊಳಗಿನ ಜೀವ! ಒರೆಸಿದರೆ ಜೀವ ಹೋಯಿತು, ಬಿಟ್ಟರೆ ಜೀವದ ವಿಷಯ ತಿಳಿಸುವ ಮಾತೇ ಹೋಯಿತು. ಈ ಇಕ್ಕಟ್ಟನ್ನು ಹಿಂದಿನವರು ತರ್ಕದಿಂದ ಬಿಡಿಸಲಿಲ್ಲ, ಕೈಕೆಲಸದಿಂದ ಬಿಡಿಸಿದರು. ಓಲೆಗೆ ನಿಂಬೆಹುಲ್ಲಿನ ಎಣ್ಣೆಯಂಥದ್ದನ್ನು ಸವರಿದರು, ಹಲಗೆಗಳ ನಡುವೆ ಬಿಗಿಯಾಗಿ ಕಟ್ಟಿ ಬಟ್ಟೆ ಸುತ್ತಿದರು, ಮನೆಗಳಲ್ಲಾದರೆ ಒಲೆಯ ಹೊಗೆಯಾಡುವ ಅಟ್ಟದಲ್ಲಿಟ್ಟರು, ಮಳೆ ನಿಂತ ಮೇಲೆ ಬಿಡಿಸಿ ಗಾಳಿಗೆ ಹರವಿದರು. ಬೂಸ್ಟನ್ನು ಕೊಲ್ಲುವ ಸಂದರ್ಭವೇ ಬಾರದ ಹಾಗೆ, ಅದು ಹುಟ್ಟುವ ಪಸೆಯನ್ನು ಮೊದಲೇ ತಡೆದರು.

ಹುಟ್ಟದಂತೆ ತಡೆಯುವುದೂ ಒಂದು ಬಗೆಯ ಹಿಂಸೆಯಲ್ಲವೇ ಎಂದು ನನ್ನ ಮಗಳು ಕೇಳಿದ್ದುಂಟು. ಅಲ್ಲ. ಜೀವಕ್ಕೆ ನಾನು ದಾರಿ ಕೊಡುವವಳೂ ಅಲ್ಲ, ತಪ್ಪಿಸುವವಳೂ ಅಲ್ಲ. ಅದರ ಕರ್ಮ ಅದನ್ನು ತಕ್ಕ ಜಾಗಕ್ಕೆ ಒಯ್ಯುತ್ತದೆ. ನನ್ನ ಅಜಾಗ್ರತೆಯಿಂದ ಒಂದು ಜಾಗವನ್ನು ಹುಟ್ಟಿಗೆ ತಕ್ಕದಾಗಿ ಮಾಡಿ, ಹುಟ್ಟಿದ ಮೇಲೆ ಕೊಲ್ಲುವುದಿದೆಯಲ್ಲ, ಅದು ನನ್ನದು.

ಚಟ್ಟಿಯಲ್ಲಿ ಇದನ್ನು ಸ್ಪಷ್ಟವಾಗಿ ಕಾಣಬಹುದು. ಕೊಕೊಪೀಟಿನ ಮೇಲ್ಪದರ ಸದಾ ಹಸಿಯಾಗಿದ್ದರೆ ಸಣ್ಣ ಕಪ್ಪು ನುಸಿಗಳು ಬರುತ್ತವೆ. ಅವು ಮೊಟ್ಟೆಯಿಡುವುದು ಮೇಲಿನ ಒಂದೆರಡು ಅಂಗುಲದಲ್ಲಿ. ಮರಿಹುಳಗಳು ಅಲ್ಲಿನ ಶಿಲೀಂಧ್ರವನ್ನೂ ಎಳೆಬೇರನ್ನೂ ತಿನ್ನುತ್ತವೆ. ಆಗ ಜನ ಹಳದಿ ಅಂಟುಹಾಳೆ ಹಾಕುತ್ತಾರೆ, ಮದ್ದು ಹೊಯ್ಯುತ್ತಾರೆ. ನುಸಿ ಚತುರಿಂದ್ರಿಯ ಜೀವ. ಮುಟ್ಟಿದ್ದು, ರುಚಿ, ವಾಸನೆ, ನೋಟ ನಾಲ್ಕೂ ಅದಕ್ಕೆ ಗೊತ್ತು. ಏಕೇಂದ್ರಿಯವಾದ ಗಿಡವೊಂದರ ಚೆಂದಕ್ಕಾಗಿ ನಾಲ್ಕು ಇಂದ್ರಿಯದ ನೂರಾರು ಜೀವಗಳನ್ನು ಅಂಟಿಗೆ ಒಪ್ಪಿಸುವುದು ಗೃಹಸ್ಥರ ಯಾವ ಅಣುವ್ರತಕ್ಕೂ ಒಗ್ಗದ ಮಾತು. ಪರಿಹಾರವೆಂದರೆ ನೀರು ಹೊಯ್ಯುವ ಮೊದಲು ಬೆರಳನ್ನು ಎರಡನೇ ಗೆಣ್ಣಿನವರೆಗೆ ಇಳಿಸಿ ನೋಡುವುದು. ಅಷ್ಟರವರೆಗೆ ಒಣಗಿದ್ದರೆ ಮಾತ್ರ ನೀರು, ಅದೂ ಸಾಧ್ಯವಾದಷ್ಟು ತಳದಿಂದ. ಮೇಲಿನ ಎರಡಂಗುಲ ಒಣಗಿದ್ದಲ್ಲಿ ನುಸಿಗೆ ಮೊಟ್ಟೆಯಿಡುವ ಜಾಗವಿಲ್ಲ. ಒಂದು ಚೊಂಬು ನೀರನ್ನು ಕೈಯಲ್ಲಿ ಹಿಡಿದು ಹೊಯ್ಯದೆ ನಿಲ್ಲುವುದರಲ್ಲಿ ಎಷ್ಟು ಜೀವಗಳ ಸಾವು ತಪ್ಪುತ್ತದೆ ಎಂದು ಯೋಚಿಸಿದರೆ ಸಂಯಮ ಎಂಬುದು ಬಸದಿಯಲ್ಲಿ ಕೂತು ಮಾಡುವ ಕೆಲಸ ಮಾತ್ರ ಅಲ್ಲವೆಂದು ತಿಳಿಯುತ್ತದೆ.

ನನ್ನಜ್ಜಿ ನೀರು ಸೋಸುತ್ತಿದ್ದ ರೀತಿಯೂ ಇದೇ ಶಿಸ್ತಿನದ್ದು. ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕೊಡಪಾನದ ಬಾಯಿಗೆ ಕಟ್ಟಿ ಸೋಸಿ, ಬಟ್ಟೆಯಲ್ಲಿ ಉಳಿದದ್ದನ್ನು ಸೋಸಿದ ನೀರಿನಿಂದಲೇ ತೊಳೆದು, ಆ ಜೀವಾಣಿಯನ್ನು ಅದೇ ಬಾವಿಗೆ ಮೆಲ್ಲನೆ ಇಳಿಸಿ ಬಿಡುವುದು. ಮೇಲಿನಿಂದ ಸುರಿಯಬಾರದು. ಬೇರೆ ಬಾವಿಗೆ, ಬೇರೆ ಕೆರೆಗೆ ಬಿಡಬಾರದು, ಅಲ್ಲಿನ ನೀರು ಅವಕ್ಕೆ ಒಗ್ಗುವುದಿಲ್ಲ. ಚಟ್ಟಿ ಬದಲಿಸುವಾಗ ಹಳೆಯ ಮಣ್ಣನ್ನು ನಾನು ಕೊಂಡುಹೋಗುವುದು ತೆಗೆದ ಆ ಹಲಸಿನ ಬುಡಕ್ಕೇ.

ಗಾಳಿಯನ್ನು ಹಸಿ ಮಾಡುವ ಯಂತ್ರ ನಮ್ಮ ಮನೆಗೆ ಬಂದಿಲ್ಲ, ಬರುವುದೂ ಇಲ್ಲ. ಎಲೆಗೆ ನೀರು ಚಿಮುಕಿಸುವುದರಿಂದ ಪಸೆ ಹೆಚ್ಚುವುದು ಕೆಲವೇ ನಿಮಿಷ, ಆಮೇಲೆ ಉಳಿಯುವುದು ಎಲೆಯ ಮೇಲಿನ ಚುಕ್ಕೆರೋಗ. ಕಲ್ಲುಹರಳಿನ ತಟ್ಟೆಯಲ್ಲಿ ನೀರಿಡುವುದರ ಫಲವೂ ಅಲ್ಪ. ಗಿಡಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಒಂದರ ಉಸಿರು ಇನ್ನೊಂದಕ್ಕೆ ಆಗುತ್ತದೆ. ಅದಕ್ಕಿಂತ ಒಳ್ಳೆಯದು ಜಾಗ ಬದಲಿಸುವುದು. ನಮ್ಮ ಬಾವಿಯ ಒಳಗೋಡೆ ಕೆಂಪು ಮುರಕಲ್ಲಿನದ್ದು. ಆ ಕಲ್ಲಿನ ತೂತುಗಳಲ್ಲಿ ಬೇಸಗೆಯಲ್ಲೂ ನೀರು ಜಿನುಗುತ್ತಾ, ಕರಿಕಡ್ಡಿಯ ಸಣ್ಣ ಜರೀಗಿಡಗಳು ಯಾರೂ ನೆಡದೆ, ಯಾರೂ ನೀರು ಹೊಯ್ಯದೆ ತಲೆದೂಗುತ್ತಿರುತ್ತವೆ. ಬಾವಿಕಟ್ಟೆಗೆ ತಾಗಿದ ಹಿಂಬದಿ ಜಗಲಿಯಲ್ಲಿ ಜನವರಿಯ ಮಧ್ಯಾಹ್ನವೂ ತಂಪು. ಕಲಾಥಿಯಾಕ್ಕೆ ಅಲ್ಲಿ ಜಾಗ. ಓಲೆಯ ಕಪಾಟಿಗೆ ಅಡುಗೆಕೋಣೆಯ ಒಣ ಗೋಡೆ. ಎರಡು ಎಲೆಗಳ ವ್ಯಾಜ್ಯ ಹಾಗೆ ತೀರಿತು. ಗಿಡಕ್ಕೆ ತಕ್ಕ ಗಾಳಿ ಮಾಡಿಕೊಡುವುದಕ್ಕಿಂತ ಗಾಳಿಗೆ ತಕ್ಕ ಗಿಡ ಇಟ್ಟುಕೊಳ್ಳುವುದು ಪರಿಗ್ರಹ, ಅಂದರೆ ಕೂಡಿಟ್ಟುಕೊಳ್ಳುವುದು, ಕಮ್ಮಿಯಾಗುವ ದಾರಿ.

ಅಹಿಂಸಾಣುವ್ರತಕ್ಕೆ ತಾಗುವ ದೋಷಗಳೆಂದು ಐದನ್ನು ಹೇಳುತ್ತಾರೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಹೊರಲಾರದ ಹೊರೆ ಹೊರಿಸುವುದು, ಅನ್ನನೀರು ತಡೆಯುವುದು. ದನಕರುಗಳನ್ನು, ಆಳುಗಳನ್ನು ಮನಸ್ಸಲ್ಲಿಟ್ಟು ಹೇಳಿದ್ದು ಇವು. ಆದರೂ ಚಟ್ಟಿಯೊಳಗೆ ಸುತ್ತು ಸುತ್ತು ಬೇರು ಬಂದು ತಳದ ತೂತಿನಿಂದ ಹೊರಗಿಣುಕುವುದನ್ನು ಕಂಡಾಗ, ಮೊದಲನೆಯ ದೋಷವೇ ನನ್ನೆದುರು ಕೂತಂತಾಗುತ್ತದೆ. ಎಷ್ಟು ಹಂಚು, ಎಷ್ಟು ಸಿಪ್ಪೆ, ಎಷ್ಟು ನೆರಳು ಎಂದು ಎಷ್ಟೇ ಲೆಕ್ಕ ಹಾಕಿದರೂ ಕಟ್ಟಿಹಾಕಿದ್ದಂತೂ ಹೌದು.

ವೇಣೂರಿನಲ್ಲಿ ಫಲ್ಗುಣಿಯ ದಡದ ಮೇಲೆ 1604ರಲ್ಲಿ ತಿಮ್ಮಣ್ಣ ಅಜಿಲರು ನಿಲ್ಲಿಸಿದ 35 ಅಡಿಯ ಬಾಹುಬಲಿಯನ್ನು ಬಾಲ್ಯದಿಂದ ನೋಡಿದವಳು ನಾನು. 2024ರ ಮಹಾಮಸ್ತಕಾಭಿಷೇಕದಲ್ಲೂ ಆ ಜನಸಾಗರದ ನಡುವೆ ನನ್ನ ಕಣ್ಣು ಹೋದದ್ದು ಬಳ್ಳಿಯ ಕಡೆಗೆ. ಕಾಲು, ತೊಡೆ, ತೋಳಿಗೆ ಸುತ್ತಿಕೊಂಡು ಮೇಲೇರಿದ ಮಾಧವೀಲತೆ. ವರ್ಷಪೂರ್ತಿ ತಪಸ್ಸಿನಲ್ಲಿ ಅಲುಗದೆ ನಿಂತವನನ್ನು ಅದು ಮರವೆಂದು ತಿಳಿದು ಹಬ್ಬಿತು. ಅವನು ಅದನ್ನು ನೆಡಲಿಲ್ಲ, ಅದಕ್ಕೆ ನೀರು ಹೊಯ್ಯಲಿಲ್ಲ, ಕೊಡವಿಯೂ ಹಾಕಲಿಲ್ಲ. ನಾವು ಮನಿಪ್ಲಾಂಟಿಗೆ ಕೋಲು ನೆಟ್ಟು, ನಾರು ಸುತ್ತಿ, ದಾರದಲ್ಲಿ ಕಟ್ಟಿ ಹಬ್ಬಿಸುವಾಗ ಮಾಡುವುದು ಬೇರೆ ಕೆಲಸ. ನಮ್ಮ ಇಷ್ಟದ ಕಡೆಗೆ ಅದನ್ನು ತಿರುಗಿಸುತ್ತೇವೆ. ಬಾಹುಬಲಿಯ ಬಳ್ಳಿ ಯಾರದೂ ಆಗಿರಲಿಲ್ಲ. ಗೃಹಸ್ಥಳಾದ ನಾನು ಆ ಎತ್ತರಕ್ಕೆ ಏರಲಾರೆ. ಬಾವಿಗೋಡೆಯ ಜರೀಗಿಡಗಳನ್ನು ಯಾರಾದರೂ ಕೆರೆದು ಶುಚಿಮಾಡಲು ಬಂದರೆ ಬೇಡವೆಂದು ಹೇಳುವಷ್ಟು ಮಾತ್ರ ಅವನಿಂದ ಕಲಿತಿದ್ದೇನೆ.

ಪಕ್ಕದ ಮನೆಯ ಅಕ್ಕ ಈ ಕಟ್ಟಿಹಾಕುವ ಮಾತನ್ನು ಒಪ್ಪುವುದಿಲ್ಲ. ಗಿಡಮರಗಳನ್ನು ದೇವರು ಮನುಷ್ಯನ ಕೈಗೆ ಒಪ್ಪಿಸಿದ್ದಾನೆ, ನೋಡಿಕೊಳ್ಳುವುದು ನಮ್ಮ ಹೊಣೆ, ನೋಡಿಕೊಂಡದ್ದರಲ್ಲಿ ಚೆಂದದ್ದನ್ನು ಅವನ ಮುಂದಿಡುವುದು ನಮ್ಮ ಭಕ್ತಿ ಎನ್ನುತ್ತಾರೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮಕ್ಕಳು ಹೂವಿನ ಬುಟ್ಟಿ ಹಿಡಿದು ಹೊರಡುವಾಗ ಅವರ ಅಂಗಳ ಬರಿದಾಗುತ್ತದೆ, ಅವರ ಮುಖ ತುಂಬಿರುತ್ತದೆ. ಒಪ್ಪಿಸಲ್ಪಟ್ಟದ್ದು ಎಂಬ ಮಾತು ನನ್ನ ಧರ್ಮದಲ್ಲಿಲ್ಲ. ನಮ್ಮಲ್ಲಿ ಆ ಹೂವೂ ನಾನೂ ಎಷ್ಟೋ ಭವಗಳಲ್ಲಿ ಜಾಗ ಬದಲಿಸಿಕೊಂಡು ಬಂದ ಜೀವಗಳು, ಜೀವಗಳಿಗೆ ಒಂದಕ್ಕೊಂದು ಆಗಿಬರುವುದೇ ಕೆಲಸ. ಆದರೂ ಅವರ ಆಂಥೂರಿಯಂ ಚಟ್ಟಿಯನ್ನೂ ನನ್ನದನ್ನೂ ಪಕ್ಕದಲ್ಲಿಟ್ಟರೆ ಯಾವುದು ಯಾರದೆಂದು ಹೇಳಲು ಬರುವುದಿಲ್ಲ. ಅದೇ ಹಂಚು, ಅದೇ ಸಿಪ್ಪೆ, ಅದೇ ಇದ್ದಿಲು.

ಕಟ್ಟಿಹಾಕಿದ್ದು ತಪ್ಪೆಂದಾದರೆ ಬಿಟ್ಟುಬಿಡಬಹುದಲ್ಲ ಎಂದು ಯಾರಿಗಾದರೂ ಅನ್ನಿಸೀತು. ಅದೂ ಹಾಗಾಗುವುದಿಲ್ಲ. ದೂರದೇಶದ ಗಿಡವನ್ನು ನಮ್ಮ ಗುಡ್ಡೆಗೆ ಬಿಟ್ಟರೆ ಏನಾಗುತ್ತದೆಂದು ಲಂಟಾನ, ಕಮ್ಯುನಿಸ್ಟ್ ಗಿಡ, ಕೆರೆ ತುಂಬುವ ಅಂತರಗಂಗೆ ನೋಡಿದವರಿಗೆ ಹೇಳಬೇಕಿಲ್ಲ. ಒಮ್ಮೆ ಒಳಗೆ ತಂದ ಗಿಡ ಅದರ ಆಯುಷ್ಯವಿರುವವರೆಗೆ ನನ್ನದೇ ಹೊಣೆ. ಹಾಗಾಗಿ ಪರಿಗ್ರಹ ಪರಿಮಾಣದ ವ್ರತ ತೆಗೆದುಕೊಳ್ಳುವಾಗ ಬಂಗಾರ, ಸೀರೆ, ಪಾತ್ರೆಯ ಜೊತೆ ಚಟ್ಟಿಗಳಿಗೂ ಒಂದು ಮಿತಿ ಹಾಕಿಕೊಂಡಿದ್ದೇನೆ. ಪ್ರತಿಯೊಂದರ ಮಣ್ಣಿಗೂ ನಾನೇ ಬೆರಳಿಟ್ಟು ನೋಡಲು ಆಗುವಷ್ಟು ಮಾತ್ರ.

ಮಗಳಿರುವುದು ಬೆಂಗಳೂರಿನ ಫ್ಲ್ಯಾಟಿನಲ್ಲಿ. ಅಲ್ಲಿ ಫೆಬ್ರವರಿ, ಮಾರ್ಚಿನ ಗಾಳಿ ಒಣ, ಅದರ ಮೇಲೆ ಏಸಿ. ಅವಳ ಕಲಾಥಿಯಾದ ಎಲೆಗಳು ಅಂಚಿನಿಂದ ಒಣಗುತ್ತಿವೆ, ಹ್ಯುಮಿಡಿಫೈಯರ್ ತರಿಸಲೇ ಎಂದು ಫೋನಿನಲ್ಲಿ ಕೇಳಿದಳು. ಬೇಡ ಎಂದೆ. ಹಗಲು ಎಲೆಯ ಬಾಯಿ ಮುಚ್ಚಿ ರಾತ್ರಿ ಉಸಿರಾಡುವ ಸ್ನೇಕ್ ಪ್ಲಾಂಟ್ ನನ್ನಲ್ಲಿ ಎರಡು ಚಟ್ಟಿ ಉಂಟು. ಆಫ್ರಿಕದ ಒಣಸೀಮೆಯದ್ದು, ನಮ್ಮೂರ ಆಟಿಯ ಪಸೆಯಲ್ಲಿ ಪ್ರತಿವರ್ಷ ಬುಡ ಕೊಳೆಯುವ ಹೆದರಿಕೆ ಅದಕ್ಕೆ. ಮುಂದಿನ ಸಲ ಬರುವಾಗ ಕಲಾಥಿಯಾವನ್ನು ಬಸ್ಸಿನಲ್ಲಿ ತಾ, ಹೋಗುವಾಗ ಇವೆರಡನ್ನು ಕೊಂಡುಹೋಗು, ಬೇರಿಗೆ ಹಾಕಲು ಹಂಚಿನ ಚೂರು ಒಡೆದು ಚೀಲದಲ್ಲಿ ಕಟ್ಟಿಡುತ್ತೇನೆ, ನೀರು ತಿಂಗಳಿಗೆರಡು ಸಲಕ್ಕಿಂತ ಹೆಚ್ಚು ಹೊಯ್ಯಬೇಡ ಎಂದು ಹೇಳಿದ್ದೇನೆ.